ಮಟ್ಟು ಯಾರದು? ಕಂಪನಿ ನಾಟಕದ ಹಾಡುಗಳ ಹುಟ್ಟಿನ ಪ್ರಶ್ನೆ

ಪುಣೆಯಿಂದ ಮೈಸೂರಿನವರೆಗಿನ ನಾಡಿನಲ್ಲಿ, ಹದಿನೈದು ವರ್ಷ ತುಂಬುವುದರೊಳಗೆ, ಕಾಳಿದಾಸನ ಶಕುಂತಲೆ ಮೂರು ಬಗೆಯಾಗಿ ಹಾಡಿದಳು. 1870ರ ಹೊತ್ತಿಗೆ ಚುರಮುರಿ ಶೇಷಗಿರಿರಾಯರು ಅವಳನ್ನು ಧಾರವಾಡ ಸೀಮೆಯ ಕನ್ನಡಕ್ಕೆ ಕರೆತಂದರು. ಅವರ ನಾಟಕದಲ್ಲಿ ಆಡುಮಾತಿನ ಸೊಗಡೂ ಇತ್ತು, ಬಯಲಾಟದ ಕಿವಿಗೆ ಒಗ್ಗುವ ಹಾಡುಗಳೂ ಇದ್ದವು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ ಮರಾಠಿಯಲ್ಲಿ ರಂಗವೇರಿತು. ಅದರ ಬೆನ್ನಿಗೇ ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿಗಳ ಶಾಕುಂತಲ ಬಂತು. ಅವರು ‘ಅಭಿನವ ಕಾಳಿದಾಸ’ರೆಂದು ಹೆಸರಾದರು.

ಕಥೆ ಒಂದೇ, ಹಾಡಿನ ದಾರಿ ಮೂರು. ಈ ಮೂರು ದಾರಿಗಳು ಮುಂದೆ ಎಲ್ಲಿ ಕೂಡಿದವು, ಯಾವುದು ಯಾವುದರಿಂದ ಏನನ್ನು ಪಡೆಯಿತು ಎಂಬುದೇ ನಮ್ಮ ರಂಗಭೂಮಿಯ ಚರಿತ್ರೆಯಲ್ಲಿ ನೂರು ವರ್ಷಕ್ಕೂ ಮೀರಿ ನಡೆದ ವಾದ. ಮರಾಠಿ ನಾಟಕದ ಹಾಡು ಕನ್ನಡದಿಂದ ಹೋದದ್ದು ಎನ್ನುವವರಿದ್ದಾರೆ. ಕನ್ನಡ ಕಂಪನಿ ನಾಟಕದ ಹಾಡೇ ಮರಾಠಿಯಿಂದ ಬಂದದ್ದು ಎನ್ನುವವರೂ ಇದ್ದಾರೆ. ಎರಡೂ ಪಾರ್ಸಿ ಕಂಪನಿಗಳ ಋಣ ಎನ್ನುವ ಮೂರನೆಯ ಗುಂಪಿದೆ. ಮೈಸೂರಿನ ಕಡೆಯವರು ಅರಮನೆಯತ್ತ ಕೈ ತೋರಿಸುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಒಂದಷ್ಟು ಸತ್ಯವಿದೆ. ಆ ಪಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಬರಹದ ಕೆಲಸ.

ಪರದೆ ಏಳುವ ಮೊದಲು

ಕಂಪನಿಗಳು ಹುಟ್ಟುವ ಮುಂಚೆ ಕನ್ನಡ ನಾಡು ಹಾಡಿಲ್ಲದೆ ಕೂತಿರಲಿಲ್ಲ. ಕರಾವಳಿಯಲ್ಲಿ ಯಕ್ಷಗಾನ, ಮೈಸೂರು ಸೀಮೆಯಲ್ಲಿ ಮೂಡಲಪಾಯ, ಬಳ್ಳಾರಿ ಧಾರವಾಡಗಳಲ್ಲಿ ದೊಡ್ಡಾಟ, ಬೆಳಗಾವಿ ವಿಜಾಪುರದ ಕಡೆ ಸಣ್ಣಾಟ. ‘ಶ್ರೀಕೃಷ್ಣ ಪಾರಿಜಾತ’ಕ್ಕೆ ಇಡೀ ಊರು ರಾತ್ರಿಯೆಲ್ಲ ಎದ್ದಿರುತ್ತಿತ್ತು. ಬೈಲಹೊಂಗಲದ ಕಡೆ ನಡೆದ ಕೊಲೆಯೊಂದರ ಕಥೆ ‘ಸಂಗ್ಯಾ ಬಾಳ್ಯಾ’ ಆಗಿ ಜನರ ಬಾಯಿಗೆ ಬಂತು. ಶಿಶುನಾಳ ಶರೀಫರು (1819–1889) ಇದೇ ಕಾಲದವರು. ಅವರ ತತ್ವಪದಗಳು ಅಚ್ಚಿನ ಹಂಗಿಲ್ಲದೆ, ಏಕತಾರಿ ದಮ್ಮಡಿಗಳ ಜೊತೆ ಊರಿಂದೂರಿಗೆ ನಡೆದವು. ಇದಕ್ಕೆ ಲಾವಣಿಯನ್ನು, ಹೆಣ್ಣುಮಕ್ಕಳ ಬೀಸುವ ಕಲ್ಲಿನ ಪದ, ಆರತಿ ಹಾಡುಗಳನ್ನು, ಮಠ ದೇಗುಲಗಳ ದಾಸರ ಪದಗಳನ್ನು, ಮೈಸೂರು ಆಸ್ಥಾನದಲ್ಲಿ ಹಾಡುತ್ತಿದ್ದ ಕೀರ್ತನೆ ಜಾವಳಿಗಳನ್ನು ಸೇರಿಸಿಕೊಳ್ಳಬೇಕು.

ಇಷ್ಟು ತುಂಬಿದ ಕಣಜ ಇದ್ದರೂ ಬರೆದ ನಾಟಕದ ಪರಂಪರೆ ಮಾತ್ರ ತೆಳುವಾಗಿತ್ತು. ಚಿಕ್ಕದೇವರಾಜರ ಆಸ್ಥಾನದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ದ ನಂತರ ಸುಮಾರು ಎರಡು ಶತಮಾನ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾಟಕ ಬರೆಯಲು ಕೂತವರ ಮುಂದೆ ಹಾಡು ಇತ್ತು, ಆಟ ಇತ್ತು. ಎರಡನ್ನೂ ಹೊಸ ರಂಗಮಂಟಪದೊಳಗೆ ಕೂಡಿಸುವ ಮಾದರಿ ಇರಲಿಲ್ಲ.

ಕರ್ಕಿಯಿಂದ ಸಾಂಗಲಿಗೆ

ಮೊದಲ ಪಂಥದ ವಾದ ಹೊನ್ನಾವರದ ಹತ್ತಿರದ ಕರ್ಕಿಯಿಂದ ಹೊರಡುತ್ತದೆ. 1842ರ ಸುಮಾರಿಗೆ ಅಲ್ಲಿಯ ಭಾಗವತರ ಮೇಳ ಘಟ್ಟ ಹತ್ತಿ ಸಾಂಗಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ, ಇಂಥದ್ದನ್ನೇ ತಿದ್ದಿ ತೀಡಿ ಮರಾಠಿಯಲ್ಲಿ ಮಾಡು ಎಂದರು. 1843ರಲ್ಲಿ ‘ಸೀತಾ ಸ್ವಯಂವರ’ ಆಯಿತು. ಮರಾಠಿ ರಂಗಭೂಮಿ ತನ್ನ ಹುಟ್ಟುಹಬ್ಬವನ್ನು ಈ ನಾಟಕದಿಂದಲೇ ಎಣಿಸುತ್ತದೆ.

ಇದು ಬರೀ ಅಭಿಮಾನದ ಕಥೆಯಲ್ಲ ಎನ್ನುವುದಕ್ಕೆ ಭಾವೆಯವರ ನಾಟಕದ ಮೈಕಟ್ಟೇ ಸಾಕ್ಷಿ. ಆರಂಭಕ್ಕೆ ಗಣಪತಿ ಬರುತ್ತಾನೆ, ನವಿಲಿನ ಮೇಲೆ ಸರಸ್ವತಿ ಬರುತ್ತಾಳೆ, ಸೂತ್ರಧಾರನೊಡನೆ ವಿದೂಷಕ ಮಾತಿಗಿಳಿಯುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಹಾಡುವವನು ಸೂತ್ರಧಾರ ಒಬ್ಬನೇ. ಅವನು ಹಿಮ್ಮೇಳದವರೊಡನೆ ಪದ ಹೇಳುತ್ತಾನೆ. ಪಾತ್ರಧಾರಿಗಳು ಆ ಪದದ ಅರ್ಥ ಹಿಡಿದು ಅಲ್ಲೇ ಮಾತು ಕಟ್ಟುತ್ತಾರೆ. ಯಕ್ಷಗಾನ ನೋಡಿದ ಯಾರಿಗಾದರೂ ಇದು ಭಾಗವತನ ಕೆಲಸವೆಂದೂ ಪಾತ್ರಧಾರಿಗಳದು ಅರ್ಥಗಾರಿಕೆಯೆಂದೂ ಹೇಳಿಕೊಡಬೇಕಾಗಿಲ್ಲ.

ಮರಾಠಿ ವಿದ್ವಾಂಸರಲ್ಲಿ ಇದನ್ನು ಒಪ್ಪುವವರು ಬಹಳ ಮಂದಿ. ಆದರೆ ಮೂಲ ಇಷ್ಟೇ ಎಂದರೆ ಅವರು ತಡೆಯುತ್ತಾರೆ. ಕೊಂಕಣದ ದಶಾವತಾರ, ಲಳಿತ, ಹರಿಕೀರ್ತನೆ, ತಮಾಷೆ ಇವುಗಳ ಜೊತೆಗೆ ತಂಜಾವೂರಿನ ಭೋಸಲೆ ಅರಸರ ಕಾಲದ ಮರಾಠಿ ನಾಟಕಗಳನ್ನೂ ಅವರು ಮುಂದಿಡುತ್ತಾರೆ. ಈ ಆಕ್ಷೇಪಕ್ಕೆ ತೂಕವಿದೆ. ದಶಾವತಾರವೂ ಯಕ್ಷಗಾನವೂ ಅಕ್ಕಪಕ್ಕದ ಕರಾವಳಿಯವು. ಯಾವುದು ಯಾವುದಕ್ಕೆ ತಾಯಿ ಎಂದು ಈಗ ಕೂತು ಬಿಡಿಸುವುದು ಸುಲಭವಲ್ಲ. ಆದರೂ ಸಾಂಗಲಿಯ ಅರಸರು ಆ ದಿನ ನೋಡಿದ್ದು ಕನ್ನಡದ ಮೇಳವನ್ನು. ಆ ಒಂದು ಸಂಗತಿಯನ್ನು ಯಾವ ವಾದವೂ ಅಳಿಸಲಾರದು. ಈ ಪಂಥ ವಿವರಿಸಲಾಗದ್ದು ಬೇರೆಯೇ ಇದೆ: ಸೂತ್ರಧಾರನ ಬಾಯಲ್ಲಿದ್ದ ಹಾಡು ಪಾತ್ರದ ಬಾಯಿಗೆ ಹೇಗೆ ಬಂತು?

ಗುರ್ಲಹೊಸೂರಿನ ಅಣ್ಣಾಸಾಹೇಬರು

ಆ ಬದಲಾವಣೆ ಕಿರ್ಲೋಸ್ಕರರದು. 1843ರಲ್ಲಿ, ಅಂದರೆ ‘ಸೀತಾ ಸ್ವಯಂವರ’ದ ವರ್ಷದಲ್ಲೇ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಬಲವಂತ ಪಾಂಡುರಂಗ ಕಿರ್ಲೋಸ್ಕರರು ಪುಣೆಯಲ್ಲಿ ಪಾರ್ಸಿ ಕಂಪನಿಯ ‘ಇಂದ್ರಸಭಾ’ ನೋಡಿದರು. ಪಾತ್ರಗಳೇ ಹಾಡುವ ಆ ಬಗೆಯನ್ನು ನಮ್ಮ ಕಥೆಗೆ, ನಮ್ಮ ಮಾತಿಗೆ ತರಬೇಕೆಂದುಕೊಂಡರು. ‘ಶಾಕುಂತಲ’ದಲ್ಲಿ ಕಾಳಿದಾಸನ ಶ್ಲೋಕಗಳು ನೂರಕ್ಕೂ ಮಿಕ್ಕಿ ಮರಾಠಿ ಪದಗಳಾದವು, ದುಷ್ಯಂತನೂ ಶಕುಂತಲೆಯೂ ಕಣ್ವನೂ ತಮ್ಮ ಸುಖದುಃಖಗಳನ್ನು ತಾವೇ ಹಾಡಿಕೊಂಡರು. 1882ರಲ್ಲಿ ‘ಸೌಭದ್ರ’ ಬಂತು. ಬಡೋದೆಯಿಂದ ಬಂದ ಭಾವುರಾವ್ ಕೊಲ್ಹಟಕರ ಎಂಬ ಹುಡುಗ ಸುಭದ್ರೆಯಾಗಿ ಹಾಡಿದ್ದಕ್ಕೆ ಮಹಾರಾಷ್ಟ್ರವೂ ಉತ್ತರ ಕರ್ನಾಟಕವೂ ಮರುಳಾದವು. 1885ರಲ್ಲಿ, ಇನ್ನೂ ನಲವತ್ತೆರಡರ ಹೊತ್ತಿಗೆ, ಅಣ್ಣಾಸಾಹೇಬರು ಹುಟ್ಟಿದ ಊರಲ್ಲೇ ತೀರಿಕೊಂಡರು. ಐದು ವರ್ಷದ ಕೆಲಸ ಐವತ್ತು ವರ್ಷದ ರಂಗಭೂಮಿಯನ್ನು ಆಳಿತು.

ಎರಡನೆಯ ಪಂಥ ಇಲ್ಲಿಂದ ಶುರುವಾಗುತ್ತದೆ. ಕನ್ನಡ ಕಂಪನಿಗಳು ಹಾಡುವುದನ್ನು ಕಲಿತದ್ದು ಕಿರ್ಲೋಸ್ಕರ ಮಂಡಳಿಯಿಂದ ಎಂದು ಇವರು ಹೇಳುತ್ತಾರೆ. ಸಾಕಿ, ದಿಂಡಿ ಮುಂತಾದ ಮರಾಠಿ ಬಂಧಗಳು ಉತ್ತರ ಕರ್ನಾಟಕದ ಕನ್ನಡ ನಾಟಕಗಳಿಗೆ ಬಂದದ್ದನ್ನು ತೋರಿಸುತ್ತಾರೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಆಗ ಮರಾಠಿ ಶಾಲೆಯ ಭಾಷೆ, ಕಚೇರಿಯ ಭಾಷೆ, ರಂಜನೆಯ ಭಾಷೆ. ಕನ್ನಡಿಗರು ಮನೆಯಲ್ಲಿ ಕನ್ನಡ ಮಾತಾಡಿ ನಾಟಕಕ್ಕೆ ಮರಾಠಿ ನೋಡಲು ಹೋಗುತ್ತಿದ್ದರು. ಗದಗಿನ ಸಕ್ಕರಿ ಬಾಳಾಚಾರ್ಯರು, ನಮ್ಮ ಶಾಂತಕವಿಗಳು (1856–1920), ‘ಉಷಾಹರಣ’ ಬರೆದು ವೀರನಾರಾಯಣನ ಹೆಸರಲ್ಲಿ ನಾಟಕ ಮಂಡಳಿ ಕಟ್ಟಿದ್ದು ಈ ನೋವಿನಿಂದಲೇ. ಎದುರಾಳಿಯನ್ನು ಗೆಲ್ಲಲು ಅವನ ಪಟ್ಟುಗಳನ್ನೇ ಕಲಿಯಬೇಕಾಯಿತು ಎನ್ನುವುದು ಈ ಪಂಥದ ವಿವರಣೆ.

ಆದರೆ ಇದೇ ಕಿರ್ಲೋಸ್ಕರರನ್ನು ಮೊದಲ ಪಂಥದವರು ತಮ್ಮ ಸಾಕ್ಷಿಯಾಗಿ ಕರೆಯುತ್ತಾರೆ. ಗುರ್ಲಹೊಸೂರು ಕನ್ನಡದ ಹಳ್ಳಿ, ಪಾರಿಜಾತದ ಸೀಮೆ. ‘ಸೌಭದ್ರ’ದ ಹಲವು ಪದಗಳ ಧಾಟಿ ಕರ್ನಾಟಕದ್ದೆಂದು ಮರಾಠಿಯವರೇ ಬರೆದಿದ್ದಾರೆ. ಚುರಮುರಿಯವರ ಹಾಡುಳ್ಳ ಕನ್ನಡ ಶಾಕುಂತಲ ಕಿರ್ಲೋಸ್ಕರರಿಗೆ ಹತ್ತು ವರ್ಷ ಮೊದಲೇ ಇತ್ತು. ಅದನ್ನು ಅವರು ಬಲ್ಲವರಾಗಿದ್ದರು ಎಂಬ ವಾದವೂ ಇದೆ. ಹಾಗಿದ್ದರೆ ಶಾಂತಕವಿಗಳು ಮರಾಠಿಯಿಂದ ಕಲಿತರು ಎನ್ನುವ ಹಾಡಿನಲ್ಲಿ ಒಂದಷ್ಟು ಪಾಲು ತಿರುಗಿ ಮನೆಗೆ ಬಂದದ್ದೇ. ನನಗೆ ಇಡೀ ಚರ್ಚೆಯಲ್ಲಿ ತುಂಬ ಹಿಡಿಸುವ ಘಟ್ಟ ಇದು. ಒಬ್ಬ ತಾಯಿ ಬೀಸುವಾಗ ಗುನುಗಿದ ಧಾಟಿ ಪುಣೆಯ ರಂಗಕ್ಕೆ ಹೋಗಿ, ಮರಾಠಿ ಮಾತು ತೊಟ್ಟು, ಸಾರಂಗಿ ತಬಲಾಗಳ ಜೊತೆ ಮೆರೆದು, ಮತ್ತೆ ಹುಬ್ಬಳ್ಳಿಗೆ ಬಂದಾಗ ಆ ತಾಯಿಯ ಮಗನೇ ಅದನ್ನು ಮರಾಠಿ ಚಾಲು ಎಂದು ಕಲಿತಿರಬಹುದು.

ಮುಂಬಯಿಯ ಗಾಳಿ

ಮೂರನೆಯವರು ಈ ಜಗಳವನ್ನೇ ಪಕ್ಕಕ್ಕಿಡುತ್ತಾರೆ. ಅವರಿಗೆ ಮುಖ್ಯವಾದದ್ದು ಮುಂಬಯಿ. 1853ರಿಂದ ಅಲ್ಲಿ ಪಾರ್ಸಿಗಳು ನಾಟಕ ಆಡತೊಡಗಿದರು. 1868ರಲ್ಲಿ ವಿಕ್ಟೋರಿಯಾ ನಾಟಕ ಮಂಡಳಿ ಹುಟ್ಟಿತು. ಲಖನೌದ ಅಮಾನತ್ ಬರೆದ ‘ಇಂದ್ರಸಭಾ’ದ ಗಜಲು, ಠುಮರಿ, ಹೋಳಿ ಹಾಡುಗಳು ಈ ಕಂಪನಿಗಳ ಜೊತೆ ದೇಶವನ್ನೆಲ್ಲ ಸುತ್ತಿದವು. ಬಣ್ಣದ ಪರದೆ, ನೆಲದಡಿಯಿಂದ ಏಳುವ ದೇವತೆ, ಥಳಥಳಿಸುವ ಉಡುಪು ಎಲ್ಲವೂ ಅವರದೇ. ಕನ್ನಡ, ಮರಾಠಿ, ತಮಿಳು, ತೆಲುಗು ಯಾವ ಭಾಷೆಯ ನಾಟಕದ ಪುಸ್ತಕ ನೋಡಿದರೂ ಹಾಡಿನ ತಲೆಯ ಮೇಲೆ ಪಾರ್ಸಿ ಧಾಟಿಯ ಮಾತು ಬರುತ್ತದೆ. ಶ್ರೀಪಾದ ಕೃಷ್ಣ ಕೊಲ್ಹಟಕರರು 1896ರ ‘ವೀರತನಯ’ದಲ್ಲಿ ಕಿರ್ಲೋಸ್ಕರರ ಕೀರ್ತನೆಯ ಧಾಟಿಗಳನ್ನು ಬಿಟ್ಟು ಪಾರ್ಸಿ ಗುಜರಾತಿ ಮಟ್ಟುಗಳಿಗೆ ತಿರುಗಿದ್ದು ಈ ಪಂಥದ ದೊಡ್ಡ ಸಾಕ್ಷ್ಯ.

ಈ ವಾದಕ್ಕೆ ಬಲವಿದೆ, ಮಿತಿಯೂ ಇದೆ. ಪಾರ್ಸಿ ಕಂಪನಿಗಳು ತಾವೇ ಸಾಲಗಾರರು: ಲಖನೌದ ಗಾಯಕಿಯರ ಕೋಠಾಗಳಿಂದ, ಗುಜರಾತಿನ ಗರಬಾದಿಂದ, ಇಂಗ್ಲಿಷ್ ಬ್ಯಾಂಡಿನಿಂದ ತಂದದ್ದನ್ನು ಹಂಚಿದವರು ಅವರು. ಸಂತೆಯಲ್ಲಿ ಸರಕು ಹಂಚಿದವನನ್ನು ಬೆಳೆದವನೆಂದು ಕರೆಯಲಾಗದು.

ಅರಮನೆಯ ದಾರಿ, ಬಳ್ಳಾರಿಯ ದಾರಿ

ಮೈಸೂರಿನ ಕಥೆ ಬೇರೆಯದೇ ರಾಗದ್ದು. 1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂತು. ಚಾಮರಾಜೇಂದ್ರ ಒಡೆಯರು ಸಂಗೀತದ ಒಲವಿನವರು. ಹೊರಗಿನ ನಾಟಕ ತಂಡಗಳು ಅರಮನೆಗೆ ಬಂದು ಆಡಿದ್ದನ್ನು ನೋಡಿ, ಕನ್ನಡದಲ್ಲೂ ಇಂಥದ್ದಾಗಬೇಕೆಂದು ಅರಮನೆಯ ಆಶ್ರಯದಲ್ಲೇ ನಾಟಕ ಸಭೆಯೊಂದು ನಿಂತಿತು. ಬಸವಪ್ಪ ಶಾಸ್ತ್ರಿಗಳಂಥ ಪಂಡಿತರು ನಾಟಕ ಬರೆದರು. ಷೇಕ್ಸ್‌ಪಿಯರನ ‘ಒಥೆಲೊ’ ‘ಶೂರಸೇನ ಚರಿತ್ರೆ’ಯಾಯಿತು. ವೀಣೆ ಶೇಷಣ್ಣನವರಂಥ ವಿದ್ವಾಂಸರು ಉಸಿರಾಡುತ್ತಿದ್ದ ಆ ಗಾಳಿಯಲ್ಲಿ ನಾಟಕದ ಹಾಡು ಕರ್ನಾಟಕ ಸಂಗೀತದ ರಾಗತಾಳಗಳನ್ನೇ ಹೊದ್ದಿತು. ಅದರ ಜೊತೆಗೆ ಕಂದ, ವೃತ್ತ, ಸೀಸಪದ್ಯಗಳನ್ನು ರಾಗವಾಗಿ ಎಳೆದು ಹೇಳುವ ಕಲೆ ಬೆಳೆಯಿತು. ಕೇಳುವವರಿಗೆ ಪದ್ಯದ ಅರ್ಥ ಬಿಡಿಸಿ, ಕೊನೆಗೆ ಸ್ವರದ ಮೇಲೆ ನಿಲ್ಲಿಸುವ ಆ ಬಗೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎ.ವಿ. ವರದಾಚಾರ್ಯರು ತುದಿಗೆ ಮುಟ್ಟಿಸಿದರು. ಈ ಸೀಮೆಯವರಿಗೆ ರಂಗಗೀತೆ ಎಂದರೆ ಅರಮನೆಯ ಸಂಗೀತ ಬೀದಿಗೆ ಇಳಿದು ಬಂದದ್ದು. ಅವರು ಮರೆಯುವುದು ಗುಬ್ಬಿಯನ್ನು. 1884ರಲ್ಲಿ ತುಮಕೂರಿನ ಬಳಿಯ ಆ ಪುಟ್ಟ ಊರಿನವರು ಚನ್ನಬಸವೇಶ್ವರನ ಹೆಸರಲ್ಲಿ ಸಂಘ ಕಟ್ಟಿದಾಗ ಅವರ ಹಿಂದೆ ಅರಸರಿರಲಿಲ್ಲ, ಊರ ಜನ ಇದ್ದರು.

ಬಳ್ಳಾರಿಯನ್ನು ನಮ್ಮ ಚರಿತ್ರೆಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ಅದು ಒಪ್ಪಿತವಲ್ಲ. ಆಗ ಮದರಾಸು ಆಡಳಿತದಲ್ಲಿದ್ದ ಆ ಊರಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬೀದಿಯಲ್ಲಿ ನಡೆಯುತ್ತಿದ್ದವು. ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು 1880ರ ದಶಕದಲ್ಲಿ ಅಲ್ಲಿಂದಲೇ ತೆಲುಗು ನಾಟಕಕ್ಕೆ ಹಾಡುಗಳನ್ನು ತುಂಬಿದರು. ಆಂಧ್ರರು ಅವರನ್ನು ನಾಟಕ ಪಿತಾಮಹ ಎನ್ನುತ್ತಾರೆ. ಅವರ ಸರಸ ವಿನೋದಿನಿ ಸಭೆ 1891ರಲ್ಲಿ ಮದರಾಸಿಗೆ ಹೋಗಿ ಆಡಿದ್ದನ್ನು ನೋಡಿಯೇ ಪಮ್ಮಲ್ ಸಂಬಂಧ ಮುದಲಿಯಾರರು ಅದೇ ವರ್ಷ ಸುಗುಣ ವಿಲಾಸ ಸಭೆ ಕಟ್ಟಿದರು. ಕರ್ಕಿಯ ಮೇಳ ಮರಾಠಿಗೆ ಮಾಡಿದ್ದನ್ನು ಬಳ್ಳಾರಿಯ ಸಭೆ ತಮಿಳಿಗೆ ಮಾಡಿತು ಎಂದರೆ ತಪ್ಪಾಗಲಾರದು.

ರೈಲು, ಟಿಕೇಟು, ಪೇಟಿ

ಮೂಲ ಹುಡುಕುವ ಈ ಪಂಥಗಳೆಲ್ಲ ಮಟ್ಟನ್ನು ಕುರಿತು ಮಾತಾಡುತ್ತವೆ. ಈಚಿನ ಅಧ್ಯಯನಗಳು ಬೇರೆ ಪ್ರಶ್ನೆ ಕೇಳುತ್ತವೆ: ಅದೇ ಹೊತ್ತಿನಲ್ಲಿ ಯಾಕೆ? ಉತ್ತರ ರಂಗದ ಹೊರಗಿದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಗದಗ ಹುಬ್ಬಳ್ಳಿಗಳನ್ನು ಮುಟ್ಟಿತು. ಪರದೆ, ಪೆಟ್ಟಿಗೆ, ನಲವತ್ತು ಐವತ್ತು ಜನ, ಅಡುಗೆ ಪಾತ್ರೆ ಎಲ್ಲವನ್ನೂ ಹೇರಿಕೊಂಡು ಕ್ಯಾಂಪು ಬದಲಿಸುವುದು ಸಾಧ್ಯವಾಯಿತು. ಹತ್ತಿಯ ಪೇಟೆಗಳಲ್ಲಿ ಕೈಯಲ್ಲಿ ಕಾಸು ಇದ್ದ ಹೊಸ ಪ್ರೇಕ್ಷಕರಿದ್ದರು. ಆಟ ನೋಡಲು ದುಡ್ಡು ಕೊಟ್ಟವನಿಗೆ ಹಕ್ಕೂ ಬಂತು: ಮೆಚ್ಚಿದ ಹಾಡಿಗೆ ‘ವನ್ಸ್‌ಮೋರ್’ ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಾಗಿತ್ತು. ಬಯಲಾಟದಲ್ಲಿ ಹಾಡು ಕಥೆಗೆ ಸೇರಿದ್ದು. ಟಿಕೇಟಿನ ರಂಗದಲ್ಲಿ ಅದು ಪ್ರೇಕ್ಷಕನಿಗೆ ಸೇರಿತು.

ಅಚ್ಚು ಇನ್ನೊಂದು ಕೆಲಸ ಮಾಡಿತು. ನಾಟಕದ ಹಾಡಿನ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ರಾಗ, ತಾಳ, ಅದರ ಪಕ್ಕದಲ್ಲಿ ‘ಇಂಥ ಹಾಡಿನ ಮಟ್ಟು’ ಎಂಬ ಸೂಚನೆ ಇರುತ್ತಿತ್ತು. ಓದುಗನಿಗೆ ಮೊದಲೇ ಗೊತ್ತಿರುವ ಹಾಡಿನ ಹೆಸರು ಹೇಳಿದರೆ ಸಾಕು, ಸ್ವರಲಿಪಿ ಬೇಡ. ದೇವರನಾಮ, ಜಾವಳಿ, ಮರಾಠಿ ಪದ, ಪಾರ್ಸಿ ಗಜಲು ಒಂದೇ ನಾಟಕದೊಳಗೆ ಬೆನ್ನಿಗೆ ಬೆನ್ನು ಹತ್ತಿ ಕೂತವು. ಈ ಒಂದು ಸಾಲಿನ ಸೂಚನೆಗಳೇ ಆ ಕಾಲದ ಕಿವಿಯ ನಕ್ಷೆ ಎಂದು ನನ್ನ ನಂಬಿಕೆ. ಯಾರಿಂದ ತೆಗೆದುಕೊಂಡೆವು ಎಂದು ಅವರು ಮುಚ್ಚಿಡಲಿಲ್ಲ. ತಲೆಯ ಮೇಲೆಯೇ ಬರೆದರು. ಸಾಲ ಅವರಿಗೆ ಅವಮಾನವಾಗಿರಲಿಲ್ಲ. ಮಟ್ಟು ಎಲ್ಲಿಯದಾದರೂ ಅದರ ಏರಿಳಿತಕ್ಕೆ ಕನ್ನಡದ ಗುರುಲಘುಗಳನ್ನು, ಪ್ರಾಸವನ್ನು ಕೂಡಿಸುವುದು ಹೊಸ ಕೆಲಸ. ಆ ಕೆಲಸದಲ್ಲಿ ಗೆದ್ದ ಹಾಡು ಕನ್ನಡದ್ದಾಯಿತು. ಗೆಲ್ಲದ್ದು ಕ್ಯಾಂಪು ಎದ್ದೊಡನೆ ಮರೆತುಹೋಯಿತು.

ಪೇಟಿಯ ಪಾತ್ರವೂ ಸಣ್ಣದಲ್ಲ. 1840ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಹಾರ್ಮೋನಿಯಂ ಕಲ್ಕತ್ತೆಯಲ್ಲಿ ಕೈಪೆಟ್ಟಿಗೆಯ ರೂಪ ಪಡೆದು, ಮೆಲ್ಲಗೆ ಸಾರಂಗಿಯನ್ನು ಕೆಳಗಿಳಿಸಿತು. ಮೈಕಿಲ್ಲದ ಮಂಟಪದಲ್ಲಿ ಕೊನೆಯ ಸಾಲಿನವನಿಗೂ ಮುಟ್ಟುವಂತೆ ತಾರಸ್ಥಾಯಿಯಲ್ಲಿ ಹಾಡುವ ನಟನಿಗೆ ಗಟ್ಟಿಯಾದ ಶ್ರುತಿ ಬೇಕಿತ್ತು, ಅದು ಸಿಕ್ಕಿತು. ಕಮಾನಿನಲ್ಲಿ ಜಾರುತ್ತಿದ್ದ ಸೂಕ್ಷ್ಮ ಗಮಕಗಳು ಹೋದವು. ಪೇಟಿ ಮಾಸ್ತರು ಕಂಪನಿಯ ಯಜಮಾನನ ಪಕ್ಕದ ಮನುಷ್ಯನಾದ.

ಕಟ್ಟಿತೇ, ಕೆಡಿಸಿತೇ

ಮೂಲದ ಪ್ರಶ್ನೆಗಿಂತ ಹೆಚ್ಚು ಬಿಸಿ ಹುಟ್ಟಿಸಿದ್ದು ಈ ಪ್ರಶ್ನೆ. ಕೈಲಾಸಂ 1918ರಲ್ಲಿ ‘ಟೊಳ್ಳುಗಟ್ಟಿ’ ಬರೆದಾಗ, ಮನೆಯ ನಡುಕೋಣೆಯ ಮಾತೇ ನಾಟಕಕ್ಕೆ ಸಾಕು ಎಂದು ತೋರಿಸಿದರು. ಅವರ ಹಾದಿಯ ಹವ್ಯಾಸಿ ರಂಗದವರಿಗೆ ಹಾಡು ನಾಟಕದ ಬೆಳವಣಿಗೆಗೆ ಅಡ್ಡವಾಗಿ ಕಂಡಿತು: ದಮಯಂತಿ ಅಳುವ ಹೊತ್ತಿಗೆ ಹತ್ತು ನಿಮಿಷ ರಾಗ ಎಳೆದರೆ ದುಃಖ ಎಲ್ಲಿ ಉಳಿಯುತ್ತದೆ ಎಂಬುದು ಅವರ ವಾದ. ವಾದ ಸುಳ್ಳಲ್ಲ. ಅರ್ಧ ಶತಮಾನದ ನಂತರ ಕಂಬಾರರ ‘ಜೋಕುಮಾರಸ್ವಾಮಿ’ ಸಣ್ಣಾಟದ ಹಾಡುಗಳನ್ನು ಮತ್ತೆ ರಂಗಕ್ಕೆ ತಂದಾಗ, ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿ ಬೆಳೆದ ಬಿ.ವಿ. ಕಾರಂತರು ರಂಗಸಂಗೀತಕ್ಕೆ ಹೊಸ ಮೈ ಕೊಟ್ಟಾಗ, ತಕ್ಕಡಿ ಇನ್ನೊಂದು ಕಡೆ ವಾಲಿತು.

ಈ ಚರ್ಚೆಯಲ್ಲಿ ಸಂಗೀತದ ಲಾಭವನ್ನು ಯಾರೂ ಸರಿಯಾಗಿ ಎಣಿಸಲಿಲ್ಲ. ಧಾರವಾಡ ಸೀಮೆ ಹಿಂದುಸ್ತಾನಿ ಸಂಗೀತದ ಮನೆಯಾದದ್ದರಲ್ಲಿ ನಾಟಕಕ್ಕೆ ದೊಡ್ಡ ಪಾಲಿದೆ. ಸವಾಯಿ ಗಂಧರ್ವರು ಮರಾಠಿ ರಂಗದ ಮೇಲೆ ಹಾಡಿ ಹೆಸರಾದವರು. ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ನಾಟಕ ಕಂಪನಿಯ ಅನ್ನ ಉಂಡವರು. ಹಾಡು ನಾಟಕವನ್ನು ಕೆಡಿಸಿತು ಎಂದು ಒಪ್ಪಿದರೂ, ನಾಟಕ ನಮಗೆ ಹಾಡುಗಾರರನ್ನು ಕೊಟ್ಟಿತು.

ಇನ್ನೂ ಇತ್ಯರ್ಥವಾಗದ್ದು

ಚುರಮುರಿಯವರಿಂದ ಕಿರ್ಲೋಸ್ಕರರಿಗೆ ನಿಜವಾಗಿ ಏನು ಹೋಯಿತು ಎಂಬುದು ಇನ್ನೂ ಊಹೆಯ ಮಾತು. ಎರಡು ಶಾಕುಂತಲಗಳ ಹಾಡುಗಳನ್ನು ಎದುರುಬದುರು ಇಟ್ಟು, ಬಂಧ, ಮಾತ್ರೆ, ಸನ್ನಿವೇಶಗಳನ್ನು ಒಂದೊಂದಾಗಿ ಹೋಲಿಸಿದರೆ ಹೊರತು ತೀರ್ಮಾನ ಸಾಧ್ಯವಿಲ್ಲ. ‘ಸೌಭದ್ರ’ದ ಕರ್ನಾಟಕಿ ಧಾಟಿಗಳ ಮೂಲ ಕನ್ನಡ ಹಾಡುಗಳು ಯಾವುವು ಎಂಬ ಪಟ್ಟಿಯೂ ಆಗಬೇಕಾದ ಕೆಲಸವೇ.

ಅದಕ್ಕಿಂತ ದೊಡ್ಡ ಕತ್ತಲೆ ಹೆಣ್ಣಿನ ಪಾಲಿನದು. ಸ್ತ್ರೀಪಾರ್ಟು ಮಾಡಿದವರು ಗಂಡಸರು. ಆದರೆ ಅವರು ಹಾಡಿದ ಜಾವಳಿ, ಠುಮರಿ, ಲಾವಣಿಗಳು ಕುಣಿತದ ಹೆಣ್ಣುಮಕ್ಕಳ, ದೇವದಾಸಿಯರ ಮನೆಗಳಲ್ಲಿ ಬೆಳೆದವು. ಅವರ ಸಂಗೀತ ರಂಗಕ್ಕೆ ಬಂದ ಕಾಲದಲ್ಲೇ ಸಮಾಜ ಅವರನ್ನು ಹೊರಗೆ ತಳ್ಳುತ್ತಿತ್ತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ಅವರ ಸೇವೆಯನ್ನು ನಿಲ್ಲಿಸಿತು. ಪುಸ್ತಕಗಳ ತಲೆಬರಹದಲ್ಲಿ ಮಟ್ಟಿನ ಹೆಸರು ಉಳಿದಿದೆ, ಕಲಿಸಿದವಳ ಹೆಸರು ಉಳಿದಿಲ್ಲ. ಸಾರಂಗಿ ತಬಲಾ ನುಡಿಸಿದ ಮುಸ್ಲಿಂ ಉಸ್ತಾದರ, ಪೇಟಿ ಮಾಸ್ತರರ ಹೆಸರುಗಳದೂ ಬಹುಪಾಲು ಇದೇ ಗತಿ. ಇದನ್ನು ಸರಿಪಡಿಸದೆ ಮೂಲದ ಬಗ್ಗೆ ನಾವು ಏನು ಹೇಳಿದರೂ ಅರ್ಧ ಮಾತೇ.

ಕೊನೆಯದು ದನಿಯ ಪ್ರಶ್ನೆ. ಭಾವುರಾವ್ ಕೊಲ್ಹಟಕರರು 1901ರಲ್ಲಿ ತೀರಿಕೊಂಡರು. ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಈ ದೇಶದ ಹಾಡುಗಳನ್ನು ಮುದ್ರಿಸತೊಡಗಿದ್ದು 1902ರಲ್ಲಿ. ಒಂದೇ ವರ್ಷದ ಅಂತರದಲ್ಲಿ ಆ ಕಾಲದ ದೊಡ್ಡ ಕಂಠ ಕೈತಪ್ಪಿತು. ಆಮೇಲಿನ ರೆಕಾರ್ಡುಗಳಲ್ಲಿ ನಾವು ಕೇಳುವುದು ಮುಂದಿನ ತಲೆಮಾರಿನ ಹಾಡಿಕೆ. ಮೂರು ನಿಮಿಷಕ್ಕೆ ಕತ್ತರಿಸಿದ್ದು. 1880ರ ರಾತ್ರಿಗಳು ಹೇಗೆ ಕೇಳುತ್ತಿದ್ದವೆಂಬುದಕ್ಕೆ ಉಳಿದಿರುವ ಆಧಾರ ಆ ಹಾಡಿನ ಪುಸ್ತಕಗಳು, ಹಳೆಯ ಕಲಾವಿದರ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಪಾಠ, ಇಷ್ಟೇ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ, ಹೊದಿಕೆ ಹರಿದ ನಾಟಕದ ಹಾಡಿನ ಪುಸ್ತಕವೋ ಕಂಪನಿಯ ಕೈಬರಹದ ಪ್ರತಿಯೋ ಇದ್ದರೆ ರದ್ದಿಗೆ ಹಾಕಬೇಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ನಿಮ್ಮ ಊರಿಗೆ ಹತ್ತಿರದ ಯಾವುದಾದರೂ ಗ್ರಂಥಾಲಯಕ್ಕೋ ತಲುಪಿಸಿ. ಮನೆಯಲ್ಲಿ ಆ ಹಾಡು ಬಲ್ಲ ಹಿರಿಯರಿದ್ದರೆ ಈ ವಾರವೇ ಅವರೆದುರು ಕೂತು ಮೊಬೈಲಿನಲ್ಲಿ ಹಿಡಿದಿಡಿ; ಹಾಡಿನ ಜೊತೆಗೆ, ಅದನ್ನು ಅವರಿಗೆ ಕಲಿಸಿದವರ ಹೆಸರನ್ನೂ ಕೇಳಿ ಬರೆದುಕೊಳ್ಳಿ.